ಒಂದು ಕಣ್ಣು ಮುಚ್ಚಿ ನೋಡಿ

(ಕಾಸರಗೋಡು ಜಿಲ್ಲೆಯ ಬದಿಯಡ್ಕ ಪರಿಸರದ ಶಾಲೆಯೊಂದರಲ್ಲಿ ರಕ್ಷಕರು, ಕೃಷಿಕರು ಹಾಗೂ ಕುಟುಂಬಶ್ರೀ ಮಹಿಳಾ ಸಂಘದ ಸದಸ್ಯೆಯರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಸಮಯ ಸಾಲದೆ ಬಿಟ್ಟುಹೋದ ಕೆಲವು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ.)

ಮಾನ್ಯರೆ, ಮಾತು ಆರಂಭಿಸುವ ಮೊದಲು ತಮ್ಮೆಲ್ಲರಲ್ಲಿ ಒಂದು ವಿನಂತಿ. ಎಡ ಅಂಗೈಯನ್ನು ಬಟ್ಟಲಿನಂತೆ ಮಾಡಿ, ಒತ್ತದೆ, ಎಡಗಣ್ಣನ್ನು ಮುಚ್ಚಿಕೊಳ್ಳಿ. ಬಲಗಣ್ಣಿನಿಂದ ಮಾತ್ರ ಆ ಗೋಡೆಯ ಕ್ಯಾಲೆಂಡರಿನ ತಾರೀಕುಗಳನ್ನು ಓದಿ. ಈಗ ಕೈ ಬದಲಿಸಿ ಎಡಗಣ್ಣಿನಿಂದ ಓದಿ. ಕನ್ನಡಕ ಇರುವವರು ಕನ್ನಡಕ ಹಾಕಿಕೊಂಡೇ ನೋಡಿ. ಎರಡು ಕಣ್ಣುಗಳಿಗೂ ಒಂದೇ ರೀತಿ ಕಾಣದವರು ದಯವಿಟ್ಟು ಕೈ ಎತ್ತಿ.

ಒಂಬತ್ತು ಕೈಗಳು ಮೇಲೆದ್ದಿವೆ. ಈ ಒಂಬತ್ತು ಮಂದಿಯಲ್ಲಿ ಹೆಚ್ಚಿನವರಿಗೆ ಈ ಸಂಗತಿ ತಿಳಿದದ್ದು ಇದೀಗ, ಇಲ್ಲಿ ಕುಳಿತ ಮೇಲೆ ಎಂದು ಅವರ ಮುಖವೇ ಹೇಳುತ್ತಿದೆ. ಮೂವತ್ತು ವರ್ಷ ಕಣ್ಣು ಪರೀಕ್ಷಿಸುವ ಕೆಲಸದಲ್ಲಿ ಕಳೆದ ನಾನು ಈ ದಿನ ತಮ್ಮ ಮುಂದೆ ಇಡಬೇಕೆಂದಿರುವ ಮಾತು ಇದೇ: ದೇವರು ಎರಡು ಕಣ್ಣು ಕೊಟ್ಟಿರುವುದರಿಂದಲೇ ಒಂದು ಕಣ್ಣು ಹೋದದ್ದು ನಮಗೆ ತಿಳಿಯುವುದಿಲ್ಲ.

ನನ್ನ ದೊಡ್ಡಪ್ಪನ ಕಥೆಯನ್ನು ಹೇಳಬೇಕು. ತೋಟದಲ್ಲಿ ಅಡಿಕೆ ಕೊನೆ ತೆಗೆಸುತ್ತಿದ್ದಾಗ ಮೇಲಿನಿಂದ ಬಿದ್ದ ಕಸ ಅವರ ಬಲಗಣ್ಣಿಗೆ ಹೋಯಿತು. ಆ ಕಣ್ಣು ಮುಚ್ಚಿಕೊಂಡು ಮನೆಯ ಕಡೆಗೆ ನಡೆಯಲು ಹೊರಟವರಿಗೆ ದಾರಿಯೇ ಕಾಣಲಿಲ್ಲ. ಕಸ ಬಿದ್ದದ್ದು ಬಲಗಣ್ಣಿಗೆ, ಆದರೆ ಎಡಗಣ್ಣಿನಲ್ಲಿ ಬೆಳಕು ಕತ್ತಲೆಗಳ ವ್ಯತ್ಯಾಸದ ಹೊರತು ಬೇರೇನೂ ಉಳಿದಿರಲಿಲ್ಲ. ಅದು ಅಂದು ಹೋದ ದೃಷ್ಟಿಯಲ್ಲ, ವರ್ಷಗಳಿಂದ ಸ್ವಲ್ಪ ಸ್ವಲ್ಪವಾಗಿ ಹೋಗುತ್ತಿದ್ದ ದೃಷ್ಟಿ. ನೋವಿಲ್ಲ, ಕೆಂಪಾಗಿಲ್ಲ, ನೀರು ಸುರಿದಿಲ್ಲ. ಬಲಗಣ್ಣು ಎಡಗಣ್ಣಿನ ಕೆಲಸವನ್ನೂ ಮಾಡಿಕೊಂಡು ಬಂದಿತ್ತು. ಪರೀಕ್ಷೆಯಲ್ಲಿ ಅದು ಕಣ್ಣಿನ ನರವನ್ನು ಹಾಳುಮಾಡುವ ಗ್ಲಾಕೋಮಾ ಎಂದು ತಿಳಿಯಿತು. ಹೋದ ದೃಷ್ಟಿ ಮರಳಲಿಲ್ಲ. ಆದರೆ ವೈದ್ಯರು ಅಂದೇ ಹೇಳಿದ ಒಂದು ಮಾತಿನಿಂದ ನಮ್ಮ ಮನೆಯಲ್ಲಿ ಇನ್ನೊಂದು ಜೊತೆ ಕಣ್ಣು ಉಳಿಯಿತು. "ಇವರ ಒಡಹುಟ್ಟಿದವರನ್ನೂ ಮಕ್ಕಳನ್ನೂ ಕರೆದುಕೊಂಡು ಬನ್ನಿ" ಎಂದಿದ್ದರು ಅವರು. ಹಾಗೆ ಹೋದ ನನ್ನ ತಂದೆಯವರಲ್ಲಿ ಅದೇ ರೋಗ ಆರಂಭದ ಹಂತದಲ್ಲಿ ಸಿಕ್ಕಿತು.

ಕಣ್ಣಿನ ಒಳಗೆ ಒಂದು ತಿಳಿದ್ರವ ಸದಾ ಉತ್ಪತ್ತಿಯಾಗಿ, ಸಣ್ಣ ಜಾಲರಿಯ ಮೂಲಕ ಹೊರಹೋಗುತ್ತಿರುತ್ತದೆ. ಹೊರದಾರಿ ಕಟ್ಟಿಕೊಂಡರೆ ಒಳಗಿನ ಒತ್ತಡ ಏರುತ್ತದೆ, ಕಣ್ಣಿನಿಂದ ಮಿದುಳಿಗೆ ಹೋಗುವ ನರದ ಎಳೆಗಳು ಒಂದೊಂದಾಗಿ ಸಾಯುತ್ತವೆ. ಸಾಮಾನ್ಯವಾಗಿ ಈ ಒತ್ತಡ 10ರಿಂದ 21 ಮಿಲಿಮೀಟರ್ ಪಾದರಸದಷ್ಟು ಇರುತ್ತದೆ; ಆದರೆ ಕೆಲವರ ನರ ಈ ಮಿತಿಯೊಳಗಿನ ಒತ್ತಡದಲ್ಲೂ ಹಾಳಾಗುವುದರಿಂದ ಒತ್ತಡದ ಸಂಖ್ಯೆಯೊಂದನ್ನೇ ನೋಡಿ ಸಮಾಧಾನಪಡುವಂತಿಲ್ಲ, ನರದ ತುದಿಯನ್ನೂ ವೈದ್ಯರು ನೋಡಬೇಕು. ಮೊದಲು ಹೋಗುವುದು ಅಂಚಿನ ನೋಟ, ನಡುವಿನ ನೋಟ ಕೊನೆಯವರೆಗೆ ಉಳಿಯುತ್ತದೆ. ಆದ್ದರಿಂದಲೇ ರೋಗಿ ಪತ್ರಿಕೆ ಓದುತ್ತಾನೆ, ಆದರೆ ಬದಿಯಿಂದ ಬಂದ ಸ್ಕೂಟರು ಅವನಿಗೆ ಕಾಣುವುದಿಲ್ಲ. ನಾವು ಈಗ ಮಾಡಿದ ಕ್ಯಾಲೆಂಡರ್ ಪರೀಕ್ಷೆಗೂ ಈ ರೋಗ ಆರಂಭದಲ್ಲಿ ಸಿಕ್ಕುವುದಿಲ್ಲ ಎಂಬುದನ್ನು ಮರೆಯಬಾರದು. 40 ದಾಟಿದವರು, ಅದರಲ್ಲೂ ತಂದೆ ತಾಯಿಗೋ ಒಡಹುಟ್ಟಿದವರಿಗೋ ಗ್ಲಾಕೋಮಾ ಇರುವವರು, ಕಣ್ಣಿನ ವೈದ್ಯರ ಬಳಿಗೇ ಹೋಗಬೇಕು. ಹನಿಮದ್ದು ಆರಂಭಿಸಿದವರು ಅದನ್ನು ರಕ್ತದೊತ್ತಡದ ಮಾತ್ರೆಯಂತೆ ದಿನವೂ ತಪ್ಪದೆ ಕಣ್ಣಿಗೆ ಹಾಕಬೇಕು. ಒಂದೇ ಹನಿ ಸಾಕು. ಬಿಟ್ಟ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿದರೆ ಮದ್ದು ಗಂಟಲಿಗೆ ಇಳಿಯದೆ ಕಣ್ಣಿನಲ್ಲೇ ಉಳಿಯುತ್ತದೆ.

ಈಗ ಮಕ್ಕಳ ವಿಷಯ. ದೊಡ್ಡವರಿಗೆ ಒಂದು ಕಣ್ಣಿನ ನಷ್ಟ ತಿಳಿಯದಿದ್ದರೆ ಮಗುವಿಗೆ ಎರಡು ಕಣ್ಣುಗಳ ನಷ್ಟವೂ ತಿಳಿಯುವುದಿಲ್ಲ, ಏಕೆಂದರೆ ಜಗತ್ತು ಹೀಗೆಯೇ ಮಸುಕಾಗಿದೆ ಎಂದು ಅದು ನಂಬಿರುತ್ತದೆ. ಕಪ್ಪುಹಲಗೆಯ ಅಕ್ಷರ ಕಾಣದ ಮಗು "ಕಾಣುವುದಿಲ್ಲ" ಎಂದು ಹೇಳದೆ ಪಕ್ಕದ ಮಗುವಿನ ಪುಸ್ತಕ ನೋಡಿ ಬರೆಯುತ್ತದೆ, ಟಿವಿಯ ಹತ್ತಿರ ಹೋಗಿ ಕೂರುತ್ತದೆ, ತಲೆ ಓರೆ ಮಾಡಿ ನೋಡುತ್ತದೆ. ನಾವು ಅದನ್ನು ಬೈಯುತ್ತೇವೆ.

ನಮ್ಮ ಕಾಸರಗೋಡಿನ ಮಕ್ಕಳಿಗೆ ಇದರ ಮೇಲೆ ಇನ್ನೊಂದು ತೊಡಕಿದೆ, ಇದನ್ನು ನಾನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಠಿ ಅಥವಾ ಮಲಯಾಳ ಮಾತಾಡುವ ಮಗು ಕನ್ನಡ ಮಾಧ್ಯಮದ ಶಾಲೆಯಲ್ಲಿ ಕನ್ನಡ ಅಕ್ಷರಗಳನ್ನು ಕಲಿಯಲು ಆರಂಭಿಸಿರುತ್ತದೆ. ಕಣ್ಣಿನ ತಪಾಸಣೆಯಲ್ಲಿ ಅದರ ಮುಂದೆ ಇರುವ ಫಲಕದಲ್ಲಿ ಮಲಯಾಳದ ಅಥವಾ ಇಂಗ್ಲಿಷಿನ ಅಕ್ಷರಗಳಿರುತ್ತವೆ. ಮಗು ಸುಮ್ಮನಿರುತ್ತದೆ. ಆ ಮೌನ ಕಣ್ಣಿನದೋ ಅಕ್ಷರದ್ದೋ ಎಂದು ವಿಚಾರಿಸುವ ತಾಳ್ಮೆ ನೂರಾರು ಮಕ್ಕಳ ಸಾಲಿನ ಮುಂದೆ ಕುಳಿತವರಿಗೆ ಎಲ್ಲ ದಿನವೂ ಇರುವುದಿಲ್ಲ, ನನಗೂ ಇರಲಿಲ್ಲ. ಚೆನ್ನಾಗಿ ಕಾಣುವ ಮಗುವಿಗೆ ದೋಷವಿದೆ ಎಂದು ಬರೆದದ್ದೂ ಉಂಟು. ಅಕ್ಷರ ಗೊತ್ತಿಲ್ಲ ಎಂದು ಬಿಟ್ಟ ಮಗುವಿಗೆ ನಿಜವಾಗಿಯೂ ಕಾಣದೇ ಇದ್ದದ್ದೂ ಉಂಟು, ಆ ಎರಡನೆಯ ತಪ್ಪು ನನ್ನನ್ನು ಇಂದಿಗೂ ನೋಯಿಸುತ್ತದೆ. ಇದಕ್ಕೆ ಪರಿಹಾರ ಹಳೆಯದೇ. ಇಂಗ್ಲಿಷಿನ 'ಇ' ಆಕಾರವನ್ನು ನಾಲ್ಕು ದಿಕ್ಕಿಗೆ ತಿರುಗಿಸಿ ಬರೆದ ಫಲಕವಿದೆ. ಅದರ ಮೂರು ಕಾಲುಗಳು ಯಾವ ಕಡೆಗಿವೆ ಎಂದು ಮಗು ಮೂರು ಬೆರಳು ತೋರಿಸಿ ಹೇಳಿದರೆ ಸಾಕು, ಯಾವ ಭಾಷೆಯ ಅಕ್ಷರವೂ ಬೇಡ. ಫಲಕದಲ್ಲಿ ಅಕ್ಷರಗಳನ್ನು ಅಳತೆಯಂತೆ ಜೋಡಿಸುವ ಕ್ರಮವನ್ನು ಉಟ್ರೆಕ್ಟಿನ ಹರ್ಮನ್ ಸ್ನೆಲೆನ್ 1862ರಲ್ಲಿ ರೂಪಿಸಿದರು. ವೈದ್ಯರು ಬರೆಯುವ 6/6 ಎಂಬುದರ ಅರ್ಥ 6 ಮೀಟರಿನಿಂದ ಕಾಣಬೇಕಾದದ್ದು 6 ಮೀಟರಿನಿಂದಲೇ ಕಾಣುತ್ತದೆ ಎಂದಷ್ಟೆ. ರಕ್ಷಕರು ತಪಾಸಣೆಯ ದಿನ ಶಾಲೆಗೆ ಬಂದು "ನಮ್ಮ ಮಗುವಿಗೆ 'ಇ' ಫಲಕದಲ್ಲಿ ನೋಡಿ, ಒಂದೊಂದು ಕಣ್ಣನ್ನೂ ಬೇರೆ ಬೇರೆಯಾಗಿ ನೋಡಿ" ಎಂದು ಕೇಳಬೇಕು. ಅದು ತಮ್ಮ ಹಕ್ಕು.

ಒಂದೊಂದು ಕಣ್ಣನ್ನೂ ಬೇರೆಯಾಗಿ ಎಂದು ಒತ್ತಿ ಹೇಳಲು ಕಾರಣವಿದೆ. ಒಂದು ಕಣ್ಣಿಗೆ ಹೆಚ್ಚು ನಂಬರು ಇದ್ದರೆ ಅಥವಾ ಅದು ಓರೆಯಾಗಿದ್ದರೆ, ಮಗುವಿನ ಮಿದುಳು ಆ ಕಣ್ಣು ಕಳುಹಿಸುವ ಮಸುಕು ಚಿತ್ರವನ್ನು ತಳ್ಳಿಹಾಕಿ ಒಳ್ಳೆಯ ಕಣ್ಣನ್ನೇ ನಂಬಲು ಕಲಿಯುತ್ತದೆ. ಇದನ್ನು ಸೋಮಾರಿ ಕಣ್ಣು ಎನ್ನುತ್ತಾರೆ. ಏಳೆಂಟು ವರ್ಷದ ಒಳಗೆ ತಿಳಿದರೆ ಕನ್ನಡಕ ಕೊಟ್ಟು, ಒಳ್ಳೆಯ ಕಣ್ಣನ್ನು ದಿನಕ್ಕೆ ಕೆಲವು ಗಂಟೆ ಮುಚ್ಚಿ, ಸೋಮಾರಿ ಕಣ್ಣಿಗೆ ಕೆಲಸ ಕೊಟ್ಟು ಸರಿಪಡಿಸಬಹುದು. ಆ ಮೇಲೆ ಕಷ್ಟ. ಓರೆಗಣ್ಣು ಅದೃಷ್ಟ ಎಂದು ಸುಮ್ಮನಿರುವ ಮನೆಗಳು ಈಗಲೂ ಇವೆ. ದಯವಿಟ್ಟು ಸುಮ್ಮನಿರಬೇಡಿ.

ಹಸುಗೂಸಿನ ವಿಷಯದಲ್ಲಿ ಎರಡು ಎಚ್ಚರಿಕೆಗಳು. 34 ವಾರ ತುಂಬುವ ಮೊದಲು ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಕದ ಕೂಸಿನ ಅಕ್ಷಿಪಟಲವನ್ನು ಹುಟ್ಟಿದ 30 ದಿನಗಳ ಒಳಗೆ ತಜ್ಞರು ನೋಡಲೇಬೇಕು. ಹೆರಿಗೆ ಮಂಗಳೂರಿನಲ್ಲಾಗಿ ಬಾಣಂತಿ ತವರಿಗೆ ಬಂದು ಕುಳಿತ ಗಡಿಬಿಡಿಯಲ್ಲಿ ಈ ದಿನ ಕಳೆದುಹೋಗಬಾರದು. ಇನ್ನೊಂದು, ಮೊಬೈಲಿನಲ್ಲಿ ಫ್ಲ್ಯಾಶ್ ಹಾಕಿ ತೆಗೆದ ಚಿತ್ರದಲ್ಲಿ ಮಗುವಿನ ಪಾಪೆ ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆದರೆ ಅದೇ ವಾರ ಕಣ್ಣಿನ ವೈದ್ಯರಿಗೆ ತೋರಿಸಿ. ಅದು ಹುಟ್ಟುಪೊರೆ ಇರಬಹುದು, ಕಣ್ಣಿನ ಗೆಡ್ಡೆಯೂ ಇರಬಹುದು. ಕೂಸಿನ ಕಣ್ಣಿಗೆ ಕಾಡಿಗೆ ಹಚ್ಚುವ ಅಗತ್ಯವೇ ಇಲ್ಲ. ಪೇಟೆಯ ಕೆಲವು ಕಾಡಿಗೆಗಳಲ್ಲಿ ಸೀಸ ಇರುತ್ತದೆ, ಮನೆಯ ಕಾಡಿಗೆಯಲ್ಲಿ ಹಚ್ಚುವ ಬೆರಳಿನ ಕೊಳೆ ಇರುತ್ತದೆ. ದೃಷ್ಟಿ ಬೊಟ್ಟು ಕೆನ್ನೆಗಿರಲಿ.

ಮೊಬೈಲು ನೋಡಿದರೆ ಕಣ್ಣು ಹಾಳಾಗುತ್ತದೆಯೇ ಎಂಬುದು ಎಲ್ಲರ ಪ್ರಶ್ನೆ. ಪರದೆಯ ಬೆಳಕಿಗಿಂತ ಹೆಚ್ಚು ತೊಂದರೆ ಕೊಡುವುದು, ತೀರಾ ಹತ್ತಿರ ಹಿಡಿದು ಗಂಟೆಗಟ್ಟಲೆ ನೋಡುವುದು ಮತ್ತು ಆ ಹೊತ್ತಿನಲ್ಲಿ ಕಳೆದುಕೊಂಡ ಬಯಲು. ದಿನಕ್ಕೆ ಸುಮಾರು 2 ಗಂಟೆ ಹಗಲಿನ ಬೆಳಕಿನಲ್ಲಿ ಹೊರಗಿರುವ ಮಕ್ಕಳಲ್ಲಿ, ದೂರದ್ದು ಮಸುಕಾಗಿ ಕಾಣುವ ಸಮೀಪದೃಷ್ಟಿ ದೋಷ ಆರಂಭವಾಗುವುದು ಕಡಿಮೆ ಎಂಬುದು ಹಲವು ದೇಶಗಳ ಅಧ್ಯಯನಗಳಿಂದ ತಿಳಿದಿದೆ. ಸುಡುಬಿಸಿಲೇ ಬೇಕೆಂದಿಲ್ಲ, ಮಾವಿನ ಮರದ ನೆರಳಿನಲ್ಲೂ ಮನೆಯೊಳಗಿಗಿಂತ ಎಷ್ಟೋ ಪಟ್ಟು ಹೆಚ್ಚು ಬೆಳಕಿರುತ್ತದೆ. ನಮ್ಮ ಮೂರು ತಿಂಗಳ ಮಳೆಗಾಲದಲ್ಲಿ ಮಕ್ಕಳು ಒಳಗೇ ಉಳಿಯುವುದರಿಂದ, ಮಳೆ ಬಿಟ್ಟ ಹೊತ್ತಿನಲ್ಲಿ ಅವರನ್ನು ಹೊರಗೆ ಬಿಡಬೇಕು, ಓದು ಆಮೇಲೆ. 2 ವರ್ಷದ ಒಳಗಿನ ಮಗುವಿಗೆ ಪರದೆ ಬೇಡವೆಂದೂ 2ರಿಂದ 4 ವರ್ಷದವರೆಗೆ ದಿನಕ್ಕೆ 1 ಗಂಟೆ ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ. ದೊಡ್ಡವರು 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವುದನ್ನೂ ರೆಪ್ಪೆ ಬಡಿಯುವುದನ್ನೂ ರೂಢಿಸಿಕೊಂಡರೆ ಉರಿ ತಗ್ಗುತ್ತದೆ. ನೀಲಿ ಬೆಳಕು ತಡೆಯುವ ಗಾಜಿಗೆ ಹೆಚ್ಚು ಹಣ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ.

ಇನ್ನು ತೋಟಕ್ಕೆ ಬರೋಣ. ಇಷ್ಟು ಹೊತ್ತು ಹೇಳಿದ್ದು ಸದ್ದಿಲ್ಲದೆ ಹೋಗುವ ಕಣ್ಣಿನ ಮಾತು. ತೋಟದಲ್ಲಿ ಕಣ್ಣು ಹೋಗುವುದು ಒಂದೇ ಕ್ಷಣದಲ್ಲಿ.

ಕಣ್ಣಿಗೆ ಬೀಳುವ ವಸ್ತುಗಳಲ್ಲಿ ನನಗೆ ಅತ್ಯಂತ ಭಯವಿರುವುದು ಸುಣ್ಣದ ಬಗ್ಗೆ. ನಮ್ಮ ಮನೆಗಳಲ್ಲಿ ಸುಣ್ಣ ಎರಡು ಕಡೆ ಇರುತ್ತದೆ: ಜಗಲಿಯ ಎಲೆ ತಟ್ಟೆಯಲ್ಲಿ ಮತ್ತು ಅಡಿಕೆಯ ಕೊಳೆ ರೋಗಕ್ಕೆ ಮದ್ದು ಬಿಡುವ ಕಾಲದಲ್ಲಿ ಅಂಗಳದ ಡ್ರಮ್ಮಿನಲ್ಲಿ. ಹುಳಿ ಅಂದರೆ ಆಮ್ಲ ಕಣ್ಣಿಗೆ ಬಿದ್ದರೆ ಅದು ಮೇಲ್ಪದರವನ್ನು ಹೆಪ್ಪುಗಟ್ಟಿಸುತ್ತದೆ, ಆ ಹೆಪ್ಪೇ ಒಳಗಿನ ಪದರಗಳಿಗೆ ಸ್ವಲ್ಪ ಮಟ್ಟಿಗೆ ತಡೆಯಾಗುತ್ತದೆ. ಸುಣ್ಣ ಕ್ಷಾರ. ಅದು ಜೀವಕೋಶದ ಕೊಬ್ಬನ್ನು ಸಾಬೂನಿನಂತೆ ಕರಗಿಸಿಕೊಂಡು ಒಳಗೆ ಇಳಿಯುತ್ತಲೇ ಹೋಗುತ್ತದೆ. ಅದರ ಕಣಗಳು ರೆಪ್ಪೆಯ ಒಳಮೈಗೆ ಅಂಟಿ ಕುಳಿತು ಗಂಟೆಗಟ್ಟಲೆ ಸುಡುತ್ತವೆ. ತಿಳಿಯಾದ ಕರಿಗುಡ್ಡೆ ಹಾಲುಗಾಜಿನಂತಾಗುತ್ತದೆ. ಅಂಗಡಿಯಲ್ಲಿ ಸಿಗುವ ಸುಣ್ಣದ ಪ್ಲಾಸ್ಟಿಕ್ ಪೊಟ್ಟಣವನ್ನು ಮಕ್ಕಳು ಹಿಚುಕಿ ಆಡುವಾಗ ಅದು ಒಡೆದು ಮುಖಕ್ಕೆ ಚಿಮ್ಮಿದ ಪ್ರಕರಣಗಳು ದೇಶದ ಕಣ್ಣಿನ ಆಸ್ಪತ್ರೆಗಳಿಗೆ ಮತ್ತೆ ಮತ್ತೆ ಬಂದಿವೆ. ಎಲೆ ತಟ್ಟೆ ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿರಲಿ ಎಂದು ಅಜ್ಜ ಅಜ್ಜಿಯಂದಿರಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ.

ಕೊಳೆ ರೋಗದ ಮದ್ದಾದ ಬೋರ್ಡೋ ದ್ರಾವಣದ ವಿಷಯ ತಮಗೆ ನನಗಿಂತ ಚೆನ್ನಾಗಿ ಗೊತ್ತು. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲೊಮ್ಮೆ, 40-45 ದಿನ ಕಳೆದು ಇನ್ನೊಮ್ಮೆ. ಅಪಾಯ ಮರದ ತುದಿಯಲ್ಲಿ ಮಾತ್ರವಿಲ್ಲ. ಸುಣ್ಣಕ್ಕೆ ನೀರು ಹಾಕಿ ಅದು ಕೊತಕೊತ ಕುದಿಯುವಾಗ ಬಗ್ಗಿ ಕಲಕುವವನ ಮುಖಕ್ಕೆ ಸಿಡಿಯುತ್ತದೆ. ಫೈಬರ್ ದೋಟಿ ಬಂದ ಮೇಲೆ ಮರ ಹತ್ತುವ ಅಪಾಯ ಕಡಿಮೆಯಾಯಿತು, ಅದು ಬಹಳ ದೊಡ್ಡ ಉಪಕಾರ. ಆದರೆ ದೋಟಿ ಹಿಡಿದವನು ತಲೆ ಎತ್ತಿ, ಕಣ್ಣರಳಿಸಿ, ನೇರ ಮೇಲೆಯೇ ನೋಡುತ್ತಿರಬೇಕು. ಮದ್ದಿನ ಹನಿ, ಒಣಗಿದ ಹಿಂಗಾರದ ಪುಡಿ, ಸೋಗೆಯ ಚೂರು ಎಲ್ಲವೂ ಅದೇ ಕಣ್ಣಿಗೆ ಬೀಳುತ್ತವೆ. ಹುಲ್ಲು ಕೊಚ್ಚುವ ಯಂತ್ರ ಸಿಡಿಸುವ ಕಲ್ಲಿನ, ತಂತಿಯ ಚೂರುಗಳು ಕಣ್ಣುಗುಡ್ಡೆಯನ್ನೇ ತೂರಿ ಒಳಗೆ ಹೋಗಬಲ್ಲವು.

ಕಣ್ಣಿಗೆ ಸುಣ್ಣವೋ ಮದ್ದೋ ಬಿದ್ದರೆ ಮೊದಲು ಆಸ್ಪತ್ರೆಯಲ್ಲ, ಮೊದಲು ನೀರು. ಬಿದ್ದಲ್ಲಿಯೇ ಆರಂಭಿಸಬೇಕು. ಹತ್ತಿರದ ಪೈಪು, ಕೊಡಪಾನ, ಬಾವಿಕಟ್ಟೆ ಯಾವುದಾದರೂ ಸರಿ. ತಲೆಯನ್ನು ಪೆಟ್ಟಾದ ಕಣ್ಣಿನ ಕಡೆಗೆ ವಾಲಿಸಿ, ಇನ್ನೊಬ್ಬರು ರೆಪ್ಪೆಗಳನ್ನು ಬಿಡಿಸಿ ಹಿಡಿದು, ಮೂಗಿನ ಕಡೆಯಿಂದ ಕಿವಿಯ ಕಡೆಗೆ ನೀರು ಹರಿಯುವಂತೆ ಕನಿಷ್ಠ ಅರ್ಧ ಗಂಟೆ ತೊಳೆಯಬೇಕು. ಕಾಣುವ ಸುಣ್ಣದ ಕಣವನ್ನು ಒದ್ದೆ ಬಟ್ಟೆಯ ತುದಿಯಿಂದ ತೆಗೆಯಬೇಕು. ಸುಣ್ಣಕ್ಕೆ ಹುಳಿ ಮದ್ದು ಎಂದು ನಿಂಬೆರಸ ಬಿಡಬೇಡಿ, ತುಪ್ಪ ಎಣ್ಣೆ ಹಚ್ಚಬೇಡಿ, ಉಜ್ಜಬೇಡಿ. ಆಮೇಲೆ ವಾಹನ ಹತ್ತಿ, ದಾರಿಯಲ್ಲೂ ಬಾಟಲಿಯಿಂದ ನೀರು ಬಿಡುತ್ತಾ ಹೋಗಿ. ತೊಳೆಯದೆ ಹೊರಟು ಒಂದು ಗಂಟೆಯ ಬಳಿಕ ಆಸ್ಪತ್ರೆ ತಲುಪಿದ ಕಣ್ಣಿಗೂ ತೊಳೆದುಕೊಂಡು ಬಂದ ಕಣ್ಣಿಗೂ ಇರುವ ವ್ಯತ್ಯಾಸವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇದಕ್ಕೆ ವಿರುದ್ಧವಾದ ನಿಯಮವೊಂದು ನೆನಪಿರಲಿ: ಚೂರು ಕಣ್ಣಿಗೆ ನಾಟಿದ್ದರೆ ತೊಳೆಯಬಾರದು, ಕೀಳಬಾರದು, ಒತ್ತಬಾರದು; ಕಾಗದದ ಲೋಟವನ್ನು ಕಣ್ಣಿನ ಮೇಲೆ ಕವಚದಂತೆ ಇಟ್ಟು ಕೂಡಲೇ ಕರೆದೊಯ್ಯಬೇಕು.

ಸೋಗೆಯ ತುದಿಯೋ ಹುಲ್ಲಿನ ಗರಿಯೋ ತಾಗಿ ಆದ ಸಣ್ಣ ಗೀರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಆ ಗೀರಿನೊಳಗೆ ಬೂಷ್ಟು ಬೇರೂರಿ, ಕೆಲವು ದಿನಗಳಲ್ಲಿ ಕರಿಗುಡ್ಡೆಯ ಮೇಲೆ ಬಿಳಿ ಹುಣ್ಣು ಏಳುತ್ತದೆ. ಅಷ್ಟರಲ್ಲಿ ಯಾರೋ ಹೇಳಿದರೆಂದು ನಂದಿಬಟ್ಟಲು ಹೂವಿನ ರಸವನ್ನೋ ಎದೆಹಾಲನ್ನೋ ಬಿಟ್ಟಿರುತ್ತಾರೆ, ಅಥವಾ ಮದ್ದಿನ ಅಂಗಡಿಯಲ್ಲಿ ಕೇಳಿ ಸ್ಟೆರಾಯ್ಡ್ ಇರುವ ಹನಿಮದ್ದನ್ನು ತಂದಿರುತ್ತಾರೆ. ಸ್ಟೆರಾಯ್ಡ್ ಕೆಂಪನ್ನು ಇಳಿಸುತ್ತದೆ, ಬೂಷ್ಟನ್ನು ಬೆಳೆಸುತ್ತದೆ. ಬಹಳ ದಿನ ಬಳಸಿದರೆ ಗ್ಲಾಕೋಮಾವನ್ನೂ ತರುತ್ತದೆ. ನೇಪಾಳದ ಭಕ್ತಪುರದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಣ್ಣಿನ ಗೀರಿಗೆ ಹಳ್ಳಿಯ ಆರೋಗ್ಯ ಕಾರ್ಯಕರ್ತರೇ ಮೂರು ದಿನ ಸಾಮಾನ್ಯ ಆಂಟಿಬಯೋಟಿಕ್ ಮುಲಾಮು ಹಾಕಿದರು. ಪೆಟ್ಟಾದ 18 ಗಂಟೆಗಳ ಒಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಆದ್ದರಿಂದ ಕೊಯ್ಲು ಮುಗಿಯಲಿ ಎಂದು ಕಾಯದೆ, ಅದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗಿ ಎಂದು ಕೆಲಸದವರಿಗೆ ಹೇಳುವ ಜವಾಬ್ದಾರಿ ತೋಟದ ಯಜಮಾನರದು. ಪಕ್ಕಗಳೂ ಮುಚ್ಚಿರುವ ಪಾಲಿಕಾರ್ಬೊನೇಟ್ ರಕ್ಷಣಾ ಕನ್ನಡಕವನ್ನು ಮೈಲುತುತ್ತಿನ ಜೊತೆಗೇ ಖರೀದಿಸಬೇಕು. ಮಳೆಯಲ್ಲಿ ಮಂಜು ಹಿಡಿಯುತ್ತದೆ ಎಂಬ ಕೆಲಸದವರ ದೂರು ನಿಜ. ಗಾಳಿಕಿಂಡಿ ಇರುವುದನ್ನು ಆರಿಸಿ, ಒರೆಸಲು ಒಣ ಬಟ್ಟೆ ಕೊಟ್ಟು, ನಡುವೆ ವಿಶ್ರಾಂತಿಗೆ ಬಿಟ್ಟರೆ ಹಾಕಿಕೊಳ್ಳುತ್ತಾರೆ.

ನಲ್ವತ್ತರ ಸುಮಾರಿಗೆ ಬರುವ ಚಾಳೀಸು ರೋಗವಲ್ಲ. ಕಣ್ಣಿನ ಮಸೂರ ತನ್ನ ಮೆದುತನ ಕಳೆದುಕೊಂಡು ಹತ್ತಿರದ್ದನ್ನು ಹಿಡಿಯಲಾರದೆ ಹೋಗುತ್ತದೆ. ಆದರೆ ಬೀಡಿ ಕಟ್ಟುವ ಅಕ್ಕಂದಿರಿಗೆ ಇದು ಕೂಲಿಯ ಪ್ರಶ್ನೆ. ನೂಲು ಸರಿಯಾಗಿ ಕೂರುವುದಿಲ್ಲ, ಬೀಡಿ ಹಿಂದಕ್ಕೆ ಬರುತ್ತದೆ, ಕೈ ಓಡುವುದಿಲ್ಲ ಎಂದು ಅವರು ವಯಸ್ಸನ್ನು ದೂರುತ್ತಾರೆ. ಅಸ್ಸಾಮಿನ ಚಹಾ ತೋಟಗಳಲ್ಲಿ 40 ದಾಟಿದ ಕಾರ್ಮಿಕರಿಗೆ ಓದುವ ಕನ್ನಡಕ ಕೊಟ್ಟಾಗ ಅವರ ಕೆಲಸದ ಪ್ರಮಾಣ, ಕನ್ನಡಕ ಸಿಗದವರಿಗಿಂತ ಸುಮಾರು ಶೇಕಡಾ 22ರಷ್ಟು ಏರಿತು ಎಂದು 2018ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಮನೆಯ ಗಂಡಸರು ತಮಗೆ ಕನ್ನಡಕ ಮಾಡಿಸಿಕೊಂಡು ಬರುವಾಗ ಹೆಂಗಸರನ್ನೂ ಕರೆದುಕೊಂಡು ಹೋಗಬೇಕು.

ಸಕ್ಕರೆ ಕಾಯಿಲೆ ಇರುವವರು, ಚೆನ್ನಾಗಿ ಕಾಣುತ್ತಿದ್ದರೂ, ರೋಗ ತಿಳಿದ ವರ್ಷವೇ ಒಮ್ಮೆ, ಆ ಮೇಲೆ ವರ್ಷಕ್ಕೊಮ್ಮೆ ಪಾಪೆ ಅಗಲಿಸಿ ಅಕ್ಷಿಪಟಲದ ಪರೀಕ್ಷೆ ಮಾಡಿಸಬೇಕು. ಅಲ್ಲಿನ ಸಣ್ಣ ರಕ್ತನಾಳಗಳು ಸೋರಿ ಊದುವುದು ರೋಗಿಗೆ ತಿಳಿಯುವುದಿಲ್ಲ. ತಿಳಿಯುವಾಗ ಒಳಗೆ ರಕ್ತ ಒಸರಿರುತ್ತದೆ. ಪಾಪೆ ಅಗಲಿಸಿದ ದಿನ ಕೆಲವು ಗಂಟೆ ಮಸುಕಾಗಿ ಕಾಣುವುದರಿಂದ ಜೊತೆಗೊಬ್ಬರಿರಲಿ, ಬೈಕು ಓಡಿಸಬೇಡಿ.

ಕಣ್ಣಿನ ಪೊರೆಗೆ ಕರಗಿಸುವ ಮದ್ದಿಲ್ಲ, ಶಸ್ತ್ರಚಿಕಿತ್ಸೆಯೊಂದೇ ದಾರಿ. ಪೊರೆ ಬಲಿಯಲಿ, ಮಳೆಗಾಲ ಕಳೆಯಲಿ ಎಂದು ಕಾಯುವುದು ಹಿಂದಿನ ಕಾಲದ ವಿಧಾನಕ್ಕೆ ಸರಿಯಿತ್ತು. ಕರ್ನಾಟಕದ ಡಾ. ಎಂ.ಸಿ. ಮೋದಿಯವರು ಊರೂರಿನ ಶಿಬಿರಗಳಲ್ಲಿ ಸಾವಿರಾರು ಜನರ ಪೊರೆ ತೆಗೆದ ಕಾಲದಲ್ಲಿ ರೋಗಿಗೆ ಮರಳಿ ಸಿಗುತ್ತಿದ್ದದ್ದು ದಪ್ಪ ಗಾಜಿನ ಕನ್ನಡಕದ ಮೂಲಕ ಕಾಣುವ ಜಗತ್ತು. ಇಂದು ಒಳಗೇ ಕೃತಕ ಮಸೂರ ಇಡುತ್ತಾರೆ. ಯುದ್ಧವಿಮಾನದ ಗಾಜಿನಂಥ ಪ್ಲಾಸ್ಟಿಕ್ ಚೂರುಗಳು ಪೈಲಟ್‌ಗಳ ಕಣ್ಣಿನಲ್ಲಿ ಉಳಿದರೂ ಕಣ್ಣು ಅವನ್ನು ವಿರೋಧಿಸಲಿಲ್ಲ ಎಂಬುದನ್ನು ಗಮನಿಸಿದ ಹೆರಾಲ್ಡ್ ರಿಡ್ಲಿ 1949ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಮೊದಲ ಮಸೂರವನ್ನು ಇಟ್ಟರು. ಈಗ ಕಾದು ಕಾದು ಪೊರೆ ತೀರಾ ಬಲಿತರೆ ಅದೇ ಸೋರಿ ಕಣ್ಣಿನ ಒತ್ತಡ ಏರಿಸಬಹುದು. ದಿನದ ಕೆಲಸಕ್ಕೆ ಅಡ್ಡಿಯಾದಾಗಲೇ ಮಾಡಿಸಿಕೊಳ್ಳಿ.

ಆಹಾರದ ಬಗ್ಗೆ ನಾನು ಹೇಳಬೇಕಾದದ್ದು ಕಡಿಮೆ, ಏಕೆಂದರೆ ನಮ್ಮ ಹಿತ್ತಿಲಿಗೆ ಅದು ಗೊತ್ತಿದೆ. ನುಗ್ಗೆ ಸೊಪ್ಪು, ಹರಿವೆ, ಬಸಳೆ, ಪತ್ರೊಡೆಯ ಕೆಸು, ಪಪ್ಪಾಯಿ, ಮಾವು. ಜೊತೆಗೆ ತೆಂಗಿನಕಾಯಿಯ ಜಿಡ್ಡು ಇದ್ದರೆ ಅವುಗಳ 'ಎ' ಅನ್ನಾಂಗದ ಸತ್ವ ಮೈಗೆ ಹತ್ತುತ್ತದೆ. ಮಗುವಿಗೆ 9 ತಿಂಗಳಿನಿಂದ 5 ವರ್ಷದವರೆಗೆ ಕೊಡುವ 'ಎ' ಅನ್ನಾಂಗದ 9 ಡೋಸುಗಳನ್ನು ಅಂಗನವಾಡಿಯಲ್ಲಿ ಅಥವಾ ಆರೋಗ್ಯ ಕೇಂದ್ರದಲ್ಲಿ ತಪ್ಪಿಸಬೇಡಿ.

ಉಪನ್ಯಾಸದ ಕೊನೆಯಲ್ಲಿ ತಾಯಿಯೊಬ್ಬರು ಕೇಳಿದರು: "ಈಗಲೇ ಮಗಳಿಗೆ ಕನ್ನಡಕ ಹಾಕಿದರೆ ನಂಬರು ಹೆಚ್ಚುತ್ತಾ ಹೋಗುವುದಿಲ್ಲವೇ? ನಾಳೆ ಮದುವೆಯ ಸಮಯದಲ್ಲಿ ತೊಂದರೆಯಾಗುವುದಿಲ್ಲವೇ?" ಕನ್ನಡಕದಿಂದ ನಂಬರು ಹೆಚ್ಚುವುದಿಲ್ಲ ತಾಯಿ, ಮಗು ಬೆಳೆಯುವಾಗ ಕಣ್ಣುಗುಡ್ಡೆಯೂ ಉದ್ದವಾಗುವುದರಿಂದ ನಂಬರು ಬದಲಾಗುತ್ತದೆ, ಅದಕ್ಕಾಗಿ ವರ್ಷಕ್ಕೊಮ್ಮೆ ತೋರಿಸಬೇಕು ಎಂದೆ. ಮದುವೆಯ ಮಾತಿಗೆ ನಾನು ಉತ್ತರ ಹುಡುಕುತ್ತಿರುವಾಗಲೇ, ಹಿಂದಿನ ಸಾಲಿನಲ್ಲಿ ಕನ್ನಡಕ ಧರಿಸಿ ಕುಳಿತಿದ್ದ ಶಾಲೆಯ ಟೀಚರೊಬ್ಬರು ಎದ್ದು ಬಂದು ಆ ತಾಯಿಯ ಪಕ್ಕದಲ್ಲಿ ಕುಳಿತರು. ಮಗಳನ್ನು ಯಾವ ದಿನ ಕರೆದುಕೊಂಡು ಹೋಗುವುದೆಂದು ಅವರಿಬ್ಬರೇ ಮಾತಾಡಿಕೊಂಡರು.